ಏಳನೆಯ ಬೇಡಿಕೆ

ನವೆಂಬರ್ 3

ಪ್ರೀತಿಯ ತಮ್ಮನಿಗೆ,

ಕ್ಷೇಮ ಸಮಾಚಾರ ಕೊನೆಗೆ ಬರೆಯುತ್ತೇನೆ, ಮೊದಲು ಜಗಳದ ಸಮಾಚಾರ ಕೇಳು. ಫೋನಿನಲ್ಲಿ ಹೇಳೋಣವೆಂದರೆ ಈ ಎರಡು ಕೋಣೆಯ ಮನೆಯಲ್ಲಿ ನಿನ್ನ ಭಾವನಿಗೆ ಕೇಳಿಸದ ಮೂಲೆಯೇ ಇಲ್ಲ. ಆಪರೇಷನ್ ಆದದ್ದು ಸೊಂಟಕ್ಕೆ. ಕಿವಿ ಮಾತ್ರ ಮೊದಲಿಗಿಂತ ಚುರುಕಾಗಿದೆ. ಅದಕ್ಕೇ ಯೂನಿಫಾರಂ ಹೊಲಿಯುವ ನೆಪದಲ್ಲಿ ಮೆಷಿನ್ನಿನ ಮುಂದೆ ಕುಳಿತು, ಅದರ ಹಲಗೆಯ ಮೇಲೇ ಬರೆಯುತ್ತಿದ್ದೇನೆ. ನಡುನಡುವೆ ಸುಮ್ಮನೆ ಪೆಡಲ್ ತುಳಿಯುತ್ತೇನೆ, ಸದ್ದು ಬರಲಿ ಎಂದು.

ನಮ್ಮ ಬಡಾವಣೆಯ ನಾಗರಿಕ ವೇದಿಕೆಗೆ ನನ್ನನ್ನು ಕಾರ್ಯದರ್ಶಿ ಮಾಡಿದ್ದಾರೆ. ನಾನು ಕೇಳಿದ್ದಲ್ಲ. "ನಿಮ್ಮ ಅಕ್ಷರ ಚೆನ್ನಾಗಿದೆಯಲ್ಲಮ್ಮ, ನೀವೇ ಬರೀರಿ" ಎಂದು ಹೆಡ್‌ಮಾಸ್ಟರರು ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿದರು. ಅವರು ನಿವೃತ್ತರಾಗಿ ಹನ್ನೊಂದು ವರ್ಷವಾಯಿತು, ಆದರೂ ಸಭೆಯಲ್ಲಿ ಯಾರಾದರೂ ಕೆಮ್ಮಿದರೆ ಎಬ್ಬಿಸಿ ನಿಲ್ಲಿಸುತ್ತಾರೋ ಎಂದು ಭಯವಾಗುತ್ತದೆ. ವೇದಿಕೆಯ ಅಧ್ಯಕ್ಷರು ಅವರೇ.

ವಿಷಯ ಇಷ್ಟು. ಬರುವ ವರ್ಷದ ಬಜೆಟ್ಟಿನಲ್ಲಿ ಯಾವ ಕೆಲಸ ಮೊದಲು ಆಗಬೇಕು ಎಂದು ಪಾಲಿಕೆ ಪ್ರತಿ ಬಡಾವಣೆಯ ಅಭಿಪ್ರಾಯ ಕೇಳಿದೆ. ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ, ರೋಗಿಗಳು ಕಾಯುವ ಬೆಂಚಿನ ಮೇಲೆ, ಮೂರು ಗಂಟೆ ಸಭೆ ನಡೆಯಿತು. ಹೆಡ್‌ಮಾಸ್ಟರರಿಗೆ ಮೆಟ್ಟಿಲ ಬುಡದಲ್ಲಿ ಸ್ವಾಗತ ಕಮಾನು ಬೇಕು. ಡಾಕ್ಟರಮ್ಮನಿಗೆ ದೀಪದ ಕಂಬ ಬೇಕು, ಅದೂ ಅವರ ಬೋರ್ಡಿನ ಮೇಲೆ ಬೆಳಕು ಬೀಳುವ ಹಾಗೆ. ಬೇಕರಿಯವರಿಗೆ ಚರಂಡಿಯ ಮುಚ್ಚಳ. ನಾನು ಕೈ ಎತ್ತಿ "ಮೆಟ್ಟಿಲಿಗೆ ಒಂದು ಕಂಬಿ" ಎಂದೆ. ಎಲ್ಲರೂ "ಹೌದು ಹೌದು, ಅದೂ ಇರಲಿ" ಎಂದರು. ಆ "ಅದೂ ಇರಲಿ" ಕೇಳಿ ನನಗೆ ಮೈ ಪರಚಿಕೊಳ್ಳುವ ಹಾಗಾಯಿತು.

ನಿನಗೆ ಗೊತ್ತಲ್ಲ, ನಮ್ಮ ಮನೆಗೆ ಗಾಡಿ ಬರುವ ದಾರಿ ಇಲ್ಲ. ಕೆಳಗಿನ ರಸ್ತೆಗೆ ಇಳಿಯಬೇಕೆಂದರೆ ನೂರ ಹನ್ನೆರಡು ಕಲ್ಲಿನ ಮೆಟ್ಟಿಲು, ಎರಡೂ ಕಡೆ ಬೋಳು ಗೋಡೆ, ಹಿಡಿದುಕೊಳ್ಳಲು ಏನೂ ಇಲ್ಲ. ಭಾವನಿಗೆ ಡಾಕ್ಟರು ಹೇಳಿರುವುದು ಸ್ಪಷ್ಟವಾಗಿದೆ: ನಡೆಯಬಹುದು, ಹತ್ತಿ ಇಳಿಯಬಹುದು, ಆದರೆ ಕಂಬಿ ಹಿಡಿದುಕೊಂಡು ಮಾತ್ರ. ಹಾಗಾಗಿ ಎಂಟು ತಿಂಗಳಿಂದ ಅವರು ಮೇಲೆ, ಅವರ ಗಡಿಯಾರ ರಿಪೇರಿ ಅಂಗಡಿ ಕೆಳಗೆ, ಬೀಗ ಹಾಕಿಕೊಂಡು. ಹೊತ್ತುಕೊಂಡು ಹೋಗುತ್ತೇವೆ ಎಂದವರಿಗೆ "ನಾನೇನು ಹೆಣವೇನ್ರಪ್ಪಾ?" ಎಂದು ಬೈದು ಕಳಿಸಿದರು. ಪಕ್ಕದ ಮನೆಯ ವೆಲ್ಡಿಂಗಿನವರು ಪಾಪ ತಾವಾಗಿಯೇ ನಾಲ್ಕು ಕಂಬ ನೆಟ್ಟರು. ಪಾಲಿಕೆಯವರು ಎರಡೇ ದಿನಕ್ಕೆ ಬಂದು, ಒತ್ತುವರಿ ಎಂದು ನೋಟಿಸು ಅಂಟಿಸಿ, ಕಿತ್ತುಕೊಂಡು ಹೋದರು. ನಲ್ಲಿ ಒಡೆದರೆ ಎರಡು ತಿಂಗಳಿಗೂ ಬಾರದವರು.

ಈಗ ಅಂಗಡಿಯ ಮಾಲೀಕರು ಹೇಳಿ ಕಳಿಸಿದ್ದಾರೆ. ಬಾಡಿಗೆ ಸರಿಯಾಗಿ ಹೋಗುತ್ತಿದೆ, ಅದರ ತಕರಾರಿಲ್ಲ. ಆದರೆ ಸಾಲಿನಲ್ಲಿ ಒಂದು ಬಾಗಿಲು ಸದಾ ಮುಚ್ಚಿದ್ದರೆ ಉಳಿದವರ ವ್ಯಾಪಾರಕ್ಕೆ ಪೆಟ್ಟಂತೆ. ಮಾರ್ಚ್ ಮೂವತ್ತೊಂದರೊಳಗೆ ಭಾವ ಬಂದು ಕೂತರೆ ಸರಿ, ಇಲ್ಲದಿದ್ದರೆ ಬೇರೆಯವರಿಗೆ. ಈ ಮಾತನ್ನು ಅವರಿಗೆ ಹೇಳಿಲ್ಲ. ಹೇಳಿದರೆ ಏನು ಮಾಡುತ್ತಾರೋ ಎಂಬ ಹೆದರಿಕೆ.

ನೀನು ರಾಜಧಾನಿಯಲ್ಲಿ ಹಣಕಾಸಿನ ಆಫೀಸಿನಲ್ಲಿ ಇಪ್ಪತ್ತು ವರ್ಷ ಕುರ್ಚಿ ಸವೆಸಿದ್ದೀಯ. ಈ ಪಟ್ಟಿಯನ್ನು ಹೇಗೆ ಬರೆದರೆ ಕೆಲಸವಾಗುತ್ತದೆ ಹೇಳು. ಕ್ಷೇಮ ಸಮಾಚಾರ: ಇದ್ದೇವೆ.

ಅಕ್ಕ

---

ನವೆಂಬರ್ 14

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ಓದುತ್ತ ನಗು ಬಂತು, ಭಾವ ನೆನಪಾಗಿ ಅಲ್ಲಿಗೇ ನಿಂತಿತು. ಅವರು ಎಂಟು ತಿಂಗಳು ಮನೆಯಲ್ಲಿ ಕೂತಿದ್ದಾರೆ ಎಂದರೆ ನಂಬುವುದೇ ಕಷ್ಟ. ನನ್ನ ಮದುವೆಯ ದಿನವೂ ಮಧ್ಯಾಹ್ನ ಹೋಗಿ ಅಂಗಡಿ ತೆರೆದು ಬಂದ ಮನುಷ್ಯ.

ಮೊದಲೇ ಒಂದು ಮಾತು. ಪಾಲಿಕೆಗಳ ಪಟ್ಟಿಗಳು ಅನುದಾನಕ್ಕಾಗಿ ನಮ್ಮ ಇಲಾಖೆಗೆ ಬರುವುದು ನಿಜ. ಆದರೆ ನಿಮ್ಮ ಊರಿನದು ನನ್ನ ಮೇಜಿಗೆ ಬರುವುದಿಲ್ಲ, ನನ್ನ ಎದುರಿಗೆ ಕೂರುವವರ ಮೇಜಿಗೆ ಹೋಗುತ್ತದೆ. ಅವರಿಗೆ ಹೇಳಿ ಮಾಡಿಸು ಎಂದು ಮಾತ್ರ ಕೇಳಬೇಡ. ಇಷ್ಟು ವರ್ಷ ಯಾರಿಗೂ ಹಾಗೆ ಮಾಡಿಲ್ಲ, ಸ್ವಂತ ಅಕ್ಕನಿಂದ ಶುರು ಮಾಡುವುದಿಲ್ಲ.

ದಾರಿ ಹೇಳಬಲ್ಲೆ. "ಕಂಬಿ" ಎಂದು ಬರೆದರೆ ಇಲ್ಲಿ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಅದು ಯಾರೋ ಮನೆಯವರು ಕೇಳಿದ ಹಾಗೆ ಕಾಣುತ್ತದೆ. ಇಲಾಖೆಗೆ ಇಲಾಖೆಯ ಭಾಷೆಯಲ್ಲೇ ಬರೆಯಬೇಕು. "ಪಾದಚಾರಿ ಸಂಪರ್ಕ ಮಾರ್ಗದ ಸುರಕ್ಷತಾ ವ್ಯವಸ್ಥೆ" ಎಂದು ಬರೆಯಿರಿ. ಪಾದಚಾರಿ ಎಂದರೆ ಒಂದು ಶೀರ್ಷಿಕೆ ಇದೆ, ಸುರಕ್ಷತೆ ಎಂದರೆ ಇನ್ನೊಂದಿದೆ, ಎರಡರಲ್ಲಿ ಒಂದರಿಂದ ಹಣ ಸಿಗುತ್ತದೆ. ಭಾವನ ವಿಷಯ ಬರೆಯಬೇಡಿ. ಒಬ್ಬರಿಗಾಗಿ ಎಂದು ಗೊತ್ತಾದರೆ ತಕ್ಷಣ ಹೊಡೆದುಹಾಕುತ್ತಾರೆ. ಪಟ್ಟಿ ಸಿದ್ಧವಾದ ಮೇಲೆ ನನಗೊಂದು ನಕಲು ಕಳಿಸು, ತಿದ್ದಿ ಕೊಡುತ್ತೇನೆ.

ಮಾಲೀಕರ ಗಡುವನ್ನು ಭಾವನಿಂದ ಮುಚ್ಚಿಡುವುದು ಸರಿ ಕಾಣುವುದಿಲ್ಲ. ನಾಳೆ ಗೊತ್ತಾದರೆ ನಿನ್ನ ಮೇಲೆಯೇ ಬೀಳುತ್ತಾರೆ.

ನಿನ್ನ ತಮ್ಮ

---

ಡಿಸೆಂಬರ್ 2

ತಮ್ಮಾ,

ನಿನ್ನ ಭಾಷೆಯನ್ನು ತೆಗೆದುಕೊಂಡು ಹೋಗಿ ಸಭೆಯಲ್ಲಿ ಓದಿದೆ. ಓದಬಾರದಿತ್ತು.

ಹೆಡ್‌ಮಾಸ್ಟರರ ಕಣ್ಣು ಅರಳಿತು. "ನೋಡಿ, ಇದು ಭಾಷೆ" ಎಂದು ಎದ್ದೇ ನಿಂತರು. ಆಮೇಲೆ ಪ್ರತಿಯೊಬ್ಬರಿಗೂ ತಮ್ಮ ತಮ್ಮ ಬೇಡಿಕೆ ಆ ಭಾಷೆಯಲ್ಲೇ ಆಗಬೇಕು. ಬೇಕರಿಯವರ ಚರಂಡಿ ಮುಚ್ಚಳ ಹೋಗಿ "ಭೂಗತ ಮಲಿನಜಲ ಪ್ರವಾಹದ ಮೇಲ್ಮೈ ಆಚ್ಛಾದನ" ಆಯಿತು. "ಇದು ನನ್ ಚರಂಡೀನಾ? ನಂಗೇ ಗುರುತು ಸಿಗ್ತಿಲ್ಲ" ಎಂದು ಅವರು ಕೇಳಿದರು. "ಗುರುತು ಸಿಗಬಾರದು, ಅದೇ ಅದರ ಘನತೆ" ಎಂದರು ಹೆಡ್‌ಮಾಸ್ಟರರು. ದೇವರಾಣೆ, ಹೀಗೇ ಹೇಳಿದರು.

ಕಂಬಿಯನ್ನು ಅವರು ವಿಶೇಷ ಪ್ರೀತಿಯಿಂದ ಕೈಗೆತ್ತಿಕೊಂಡರು. ಅವರ ಕಣ್ಣಿಗೆ ನೀನು ಬರೆದದ್ದು ಇನ್ನೂ ತೆಳು. ನಾಲ್ಕು ಸಲ ತಿದ್ದಿದ ಮೇಲೆ ಉಳಿದದ್ದು ಇದು: "ಊರ್ಧ್ವಾಧರ ಪಾದಚಾರಿ ಸಂಪರ್ಕ ಸೋಪಾನಪಥದ ಪಾರ್ಶ್ವಾಧಾರ ಸುರಕ್ಷತಾ ವ್ಯವಸ್ಥೆಯ ಅನುಷ್ಠಾನ." ನಾನು "ಮೆಟ್ಟಿಲು ಅನ್ನೋ ಒಂದು ಪದವಾದ್ರೂ ಇರಲಿ ಸಾರ್" ಎಂದು ಗೋಗರೆದೆ. "ಮೆಟ್ಟಿಲು ಅಡುಗೆಮನೆ ಮಾತಾಗುತ್ತಮ್ಮ" ಎಂದರು. ಅವರ ಕಮಾನು ಮಾತ್ರ "ಸ್ವಾಗತ ಕಮಾನು" ಎಂದೇ ಉಳಿಯಿತು. ಅದರಲ್ಲಿ ಮುಟ್ಟಬೇಕಾದ್ದೇನೂ ಇಲ್ಲವಂತೆ, ಅದು ಹುಟ್ಟಾ ಗಂಭೀರವಂತೆ.

ಅದರ ಮೇಲೆ ಯಾವುದು ಮೊದಲು, ಯಾವುದು ನಂತರ ಎಂಬ ಜಗಳ. ನಮ್ಮ ವೇದಿಕೆಯ ಪದ್ಧತಿ ಏನೆಂದರೆ, ಎಲ್ಲರೂ ಸಹಿ ಹಾಕದೆ ಪಟ್ಟಿ ಹೊರಗೆ ಹೋಗುವಂತಿಲ್ಲ. ಆದ್ದರಿಂದ ಯಾರು ಮುನಿಸಿಕೊಂಡು ಪೆನ್ನು ಕೆಳಗಿಡುತ್ತಾರೋ ಅವರ ಬೇಡಿಕೆ ಒಂದು ಮೆಟ್ಟಿಲು ಮೇಲೆ ಹೋಗುತ್ತದೆ. ನಾನು ಕಾರ್ಯದರ್ಶಿ, ಪೆನ್ನು ಕೆಳಗಿಡುವ ಹಾಗಿಲ್ಲ. ಹಾಗಾಗಿ ಕಂಬಿ ಎರಡರಿಂದ ನಾಲ್ಕಕ್ಕೆ, ನಾಲ್ಕರಿಂದ ಐದಕ್ಕೆ, ಕೊನೆಗೆ ಏಳಕ್ಕೆ ಇಳಿಯಿತು. ಅದೊಂದೇ ಈ ಬಡಾವಣೆಯಲ್ಲಿ ಸಲೀಸಾಗಿ ಇಳಿದದ್ದು.

ಮನೆಗೆ ಬಂದು ಭಾವನಿಗೆ ಓದಿ ಹೇಳಿದೆ. ಅವರು ಆಗ ನನ್ನ ಮಿಕ್ಸಿಯನ್ನು ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಕೂತಿದ್ದರು. ಅದು ಕೆಟ್ಟಿರಲಿಲ್ಲ. ಮನೆಯ ಗಡಿಯಾರಗಳೆಲ್ಲ ಮುಗಿದವು, ಈಗ ಅಡುಗೆಮನೆಗೆ ನುಗ್ಗಿದ್ದಾರೆ. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆದು "ಇದು ಕಂಬಿಯೇನೇ? ನಾನು ರಾಕೆಟ್ಟು ಅಂದ್ಕೊಂಡೆ" ಎಂದರು. ಆಮೇಲೆ ಅದನ್ನು ಅಂಗಿಯ ಅಂಚಿಗೆ ಒರೆಸುತ್ತ, "ಆಗುತ್ತೇನೇ?" ಎಂದು ಮೆಲ್ಲಗೆ ಕೇಳಿದರು. ಆಗುತ್ತೆ ಎಂದೆ. ಇನ್ನೇನು ಹೇಳಲಿ?

ನಕಲು ಇದರ ಜೊತೆಗಿದೆ. ಏಳನೆಯದನ್ನು ದಯವಿಟ್ಟು ಓದು. ಮನುಷ್ಯರಿಗೆ ಅರ್ಥವಾಗುತ್ತದೆಯೇ ಎಂದು ಬೇಗ ಬರೆ. ಹದಿನೈದನೇ ತಾರೀಕು ಸಲ್ಲಿಸಬೇಕು, ಅದರೊಳಗೆ ನೀನು ಹೇಳಿದರೆ ಹೆಡ್‌ಮಾಸ್ಟರರ ಕಾಲು ಹಿಡಿದಾದರೂ ಬದಲಾಯಿಸುತ್ತೇನೆ.

ಅಕ್ಕ

---

ಡಿಸೆಂಬರ್ 12

ಅಕ್ಕ,

ಎರಡೇ ಸಾಲು. ಇಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಎದುರಿನ ಮೇಜಿನವರು ಹೆರಿಗೆ ರಜೆಯ ಮೇಲೆ ಹೋಗಿದ್ದಾರೆ, ಅವರ ಕಡತಗಳೂ ನನ್ನ ತಲೆಗೇ ಕಟ್ಟಿದ್ದಾರೆ. ನಿನ್ನ ಪತ್ರ ಬಂತು, ಹೆಡ್‌ಮಾಸ್ಟರರ ಕತೆ ಓದಿ ಮನೆಯವರೆಲ್ಲ ನಕ್ಕೆವು. ಭಾಷೆ ಎತ್ತರದಲ್ಲಿದ್ದರೆ ಒಳ್ಳೆಯದೇ, ಹಾಗೇ ಸಲ್ಲಿಸಿ. ನಕಲನ್ನು ಭಾನುವಾರ ನಿಧಾನವಾಗಿ ಓದುತ್ತೇನೆ.

ನಿನ್ನ ತಮ್ಮ

---

ಫೆಬ್ರವರಿ 9

ತಮ್ಮಾ,

ಬಜೆಟ್ಟು ಬಂತು. ಕಮಾನು ಮಂಜೂರಾಗಿದೆ.

ಇನ್ನೊಮ್ಮೆ ಬರೆಯುತ್ತೇನೆ, ನೀನು ಓದಿದ್ದು ತಪ್ಪೇನೋ ಎಂದುಕೊಳ್ಳಬೇಡ. ಸ್ವಾಗತ ಕಮಾನು ಮಂಜೂರಾಗಿದೆ. ಯಾರೂ ಹತ್ತಲಾಗದ, ಯಾರೂ ಇಳಿಯಲಾಗದ ಮೆಟ್ಟಿಲ ಬುಡದಲ್ಲಿ ಎಲ್ಲರಿಗೂ ಸ್ವಾಗತ. ಹೆಡ್‌ಮಾಸ್ಟರರು ಮನೆಮನೆಗೆ ಹೋಗಿ ತಿಳಿಸಿ ಬಂದರು. ನಮ್ಮ ಮನೆಗೆ ಬಂದಾಗ ಭಾವನ ಮುಖ ನೋಡಿ, ಒಂದು ಲೋಟ ನೀರು ಕುಡಿದು ಹೋದರು.

ಏಳನೆಯದನ್ನು ಹೊಡೆದುಹಾಕಿದ್ದಾರೆ. ರಾಜಧಾನಿಯಿಂದ ಪಟ್ಟಿ ವಾಪಸು ಬಂದಿದೆ, ನನ್ನ ಕೈಯಲ್ಲೇ ಇದೆ. ಹಸಿರು ಪೆನ್ಸಿಲಿನಲ್ಲಿ ಅಡ್ಡಗೆರೆ, ಪಕ್ಕದಲ್ಲಿ ಎರಡು ಮಾತು: "ಅರ್ಥ ಸ್ಪಷ್ಟವಿಲ್ಲ. ಕೈಬಿಡಿ." ಅಷ್ಟೇ. ಅರ್ಥವಾಗದಿದ್ದರೆ ಕೇಳಬಾರದೇ? ಒಂದು ಕಾಗದ ಬರೆಯಬಾರದೇ, ಏನಪ್ಪಾ ಇದು, ಏಣಿಯೋ ಸೇತುವೆಯೋ ಎಂದು? ಒಂದು ಗೆರೆ ಎಳೆಯುವುದಕ್ಕೆ ಎಷ್ಟು ಹೊತ್ತು ಬೇಕು? ನಾನು ಬಟ್ಟೆಗೆ ಕತ್ತರಿ ಹಾಕುವ ಮೊದಲು ಎರಡು ಸಲ ಅಳೆಯುತ್ತೇನೆ, ಅದು ಬರೀ ಒಂದು ಮಗುವಿನ ಚಡ್ಡಿ.

ಯಾರವನು? ನಿಮ್ಮ ಆಫೀಸಿನವನೇ ತಾನೇ? ಒಂದು ಸಲ ಅವನ ಮುಖ ನೋಡಿ ಬಾ. ಅವನ ಮನೆಗೆ ಮೆಟ್ಟಿಲಿಲ್ಲವೇ, ಅವನ ಮನೆಯಲ್ಲಿ ಯಾರಿಗೂ ವಯಸ್ಸಾಗುವುದಿಲ್ಲವೇ ಎಂದು ಕೇಳು. ಅಂಥ ಕಲ್ಲುಬಂಡೆಯನ್ನು ಹೆತ್ತವರಾದರೂ ಯಾರು, ಬೆಳೆಸಿದವರಾದರೂ ಯಾರು? ಅಕ್ಷರ ಮಾತ್ರ ದುಂಡಗಿದೆ. ಯಾರೋ ಪಾಪ ಪಕ್ಕದಲ್ಲಿ ಕೂತು ತಿದ್ದಿಸಿದ್ದಾರೆ, ದಂಡ.

ಭಾವನಿಗೆ ಹೇಳಿದೆ. ಪಟ್ಟಿಯನ್ನು ಇಸಿದುಕೊಂಡು ತುಂಬ ಹೊತ್ತು ನೋಡಿದರು. "ಹೋಗ್ಲಿ ಬಿಡು" ಎಂದರು. ಆ ಮನುಷ್ಯ ಮೂವತ್ತೆರಡು ವರ್ಷದಲ್ಲಿ ಯಾವುದಕ್ಕೂ ಹೋಗಲಿ ಬಿಡು ಎಂದವರಲ್ಲ. ಅದಕ್ಕೇ ನನಗೆ ಇನ್ನೂ ಹೊಟ್ಟೆ ಉರಿಯುತ್ತಿದೆ.

ಯಾರು ಎಂದು ವಿಚಾರಿಸಿ ಬರೆ.

ಅಕ್ಕ

---

ಫೆಬ್ರವರಿ 20

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ತಲುಪಿತು. ಬೇಡಿಕೆ ತಿರಸ್ಕೃತವಾದ ಬಗ್ಗೆ ವಿಷಾದವಿದೆ. ಪ್ರಸ್ತುತ ಸಾಲಿನಲ್ಲಿ ಒಟ್ಟು ಮೂರು ಸಾವಿರಕ್ಕೂ ಹೆಚ್ಚು ಬೇಡಿಕೆಗಳನ್ನು ಅಲ್ಪಾವಧಿಯಲ್ಲಿ ಪರಿಶೀಲಿಸಬೇಕಾಗಿದ್ದರಿಂದ, ಸ್ಪಷ್ಟ ವಿವರಣೆ ಇಲ್ಲದವುಗಳನ್ನು ಕೈಬಿಡುವ ಕ್ರಮವನ್ನು ಅನುಸರಿಸಲಾಗಿದೆ. ಪಕ್ಷಪಾತಕ್ಕೆ ಅವಕಾಶವಾಗದಂತೆ ಊರಿನ ಹೆಸರು ತೆಗೆದು ಬರೀ ಸಂಖ್ಯೆ ಹಾಕಿ ಪಟ್ಟಿಗಳನ್ನು ನೀಡಲಾಗುತ್ತದೆ. ಹೀಗಾಗಿ ಯಾವ ಊರಿನದು ಎಂಬುದು ಪರಿಶೀಲಿಸುವವರಿಗೆ ತಿಳಿದಿರುವುದಿಲ್ಲ. ವೈಯಕ್ತಿಕವಾಗಿ ಯಾರನ್ನೂ ದೂಷಿಸುವುದು ಉಚಿತವಲ್ಲ.

ಯಾರೆಂದು ವಿಚಾರಿಸುವುದು ಕಷ್ಟ. ಭಾವನ ಆರೋಗ್ಯ ನೋಡಿಕೊ. ಸೆಪ್ಟೆಂಬರಿನಲ್ಲಿ ಪರಿಷ್ಕೃತ ಬಜೆಟ್ ಇರುತ್ತದೆ.

ನಿನ್ನ ತಮ್ಮ

---

ಮಾರ್ಚ್ 1

ತಮ್ಮಾ,

ಇದೇನು ಪತ್ರವೋ, ಸುತ್ತೋಲೆಯೋ? ಕೊನೆಯಲ್ಲಿ ಮೊಹರು ಇದೆಯೇನೋ ಎಂದು ಕಾಗದ ತಿರುಗಿಸಿ ನೋಡಿದೆ. "ವಿಷಾದವಿದೆ" ಎಂದು ತಮ್ಮ ಅಕ್ಕನಿಗೆ ಬರೆಯುತ್ತಾನೆಯೇ? ಬೇಜಾರಾಯಿತು ಎಂದು ಬರೆದರೆ ನಿನ್ನ ಸಂಬಳ ಕಡಿತವಾಗುತ್ತದೆಯೇ?

ಸೆಪ್ಟೆಂಬರ್ ತೆಗೆದುಕೊಂಡು ನಾನೇನು ಮಾಡಲಿ? ಅಂಗಡಿ ಹೋಗುವುದು ಮಾರ್ಚಿನಲ್ಲಿ. ಮಾಲೀಕರು ಮೊನ್ನೆ ಇನ್ಯಾರಿಗೋ ಬಾಗಿಲು ಅಳೆಸುತ್ತಿದ್ದರು, ಬೇಕರಿಯವರು ನೋಡಿ ಬಂದು ಹೇಳಿದರು. ಅದೂ ಭಾವನ ಎದುರಿಗೇ, ಗಂಟಲು ಹರಿಯುವ ಹಾಗೆ. ಹೀಗೆ ಅವರಿಗೆ ಗಡುವಿನ ವಿಷಯ ಗೊತ್ತಾಯಿತು. ನನ್ನ ಮೇಲೆ ಬೀಳುತ್ತಾರೆ ಎಂದು ನೀನು ಬರೆದಿದ್ದೆ. ಬೀಳಲಿಲ್ಲ. "ಇಷ್ಟು ದಿನ ಒಬ್ಳೇ ಇಟ್ಕೊಂಡಿದ್ಯಾ?" ಎಂದು ಕೇಳಿದರು, ಅಷ್ಟೇ. ಬಿದ್ದಿದ್ದರೇ ಚೆನ್ನಾಗಿತ್ತು.

ಆ ದಿನದಿಂದ ಅವರು ಏನನ್ನೂ ಬಿಚ್ಚುತ್ತಿಲ್ಲ. ಮಿಕ್ಸಿ ಹಾಗೇ ಇದೆ, ಫ್ಯಾನು ಹಾಗೇ ಇದೆ. ನೋಡಲಿ ಎಂದು ಟಾರ್ಚನ್ನು ಬೇಕೆಂದೇ ಕೆಡಿಸಿ ಮುಂದೆ ಇಟ್ಟೆ. ಮುಟ್ಟಲಿಲ್ಲ. ಬೆಳಗ್ಗೆ ಎದ್ದು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮೆಟ್ಟಿಲನ್ನೇ ನೋಡುತ್ತಿರುತ್ತಾರೆ. ಆ ಮನುಷ್ಯ ಸುಮ್ಮನಿದ್ದರೆ ನನಗೆ ಮನೆಯಲ್ಲಿ ಇರಲು ಆಗುವುದಿಲ್ಲ ಕಣೋ. ನಾನು ಹೆದರಿದ್ದೇನೆ.

ವೇದಿಕೆಯಲ್ಲಿ ಈಗ ಕಮಾನಿನ ಬಣ್ಣದ ಮೇಲೆ ಜಗಳ ನಡೆಯುತ್ತಿದೆ. ಎರಡು ಸಭೆ ಆಯಿತು. ಮೂರನೆಯದಕ್ಕೆ ನಾನು ಹೋಗಲಿಲ್ಲ.

ಕೇಳಿದ್ದನ್ನೇ ಮತ್ತೆ ಕೇಳುತ್ತೇನೆ. ಆ ಗೆರೆ ಎಳೆದವನು ಯಾರು? ಹೆಸರು ಬೇಡ. ಎಂಥವನು, ಅದನ್ನಾದರೂ ಹೇಳು. ತಾನು ಮಾಡಿದ್ದು ಗೊತ್ತಾದರೆ ಅವನು ಏನು ಮಾಡಿಯಾನು? ಬಾಯಿ ಬಿಟ್ಟಾನೇ?

ಅಕ್ಕ

---

ಮಾರ್ಚ್ 12

ತಮ್ಮಾ,

ಹನ್ನೊಂದು ದಿನವಾಯಿತು, ಉತ್ತರವಿಲ್ಲ. ಅಂಚೆ ತಡವಾಗಿದೆ ಎಂದುಕೊಳ್ಳಲು ನಾನೇನು ಎಳೆಕೂಸಲ್ಲ. ಫೋನೂ ಎತ್ತುತ್ತಿಲ್ಲ. ನಿನ್ನ ಹೆಂಡತಿ ಎತ್ತಿ "ಅವ್ರು ಸ್ನಾನಕ್ಕೆ ಹೋಗಿದಾರೆ ಅಕ್ಕ" ಎಂದಳು. ಮೂರು ಸಲ ಫೋನು ಮಾಡಿದೆ, ಮೂರು ಸಲವೂ ಸ್ನಾನ. ಅಷ್ಟು ಕೊಳೆಯಾಗುವ ಕೆಲಸವೇ ನಿನ್ನದು?

ಅಕ್ಕ

---

ಮಾರ್ಚ್ 19

ಅಕ್ಕ,

ನಾನೇ.

ಹಸಿರು ಪೆನ್ಸಿಲ್ ನನ್ನದು, ಗೆರೆ ನನ್ನದು, ಅಕ್ಷರ ನನ್ನದು. ಜನವರಿ ಇಪ್ಪತ್ತೆರಡನೇ ತಾರೀಕು, ಮಧ್ಯಾಹ್ನ ಊಟವಾದ ಮೇಲೆ. ರಜೆ ಹಾಕಿದವರ ಕಡತದಲ್ಲಿ ನಿಮ್ಮ ಪಟ್ಟಿ ಬಂದಿತ್ತು, ಊರಿನ ಹೆಸರಿರಲಿಲ್ಲ, ಸಂಖ್ಯೆ ಮಾತ್ರ. ಅವತ್ತೊಂದೇ ದಿನ ನಾನೂರು ಬೇಡಿಕೆ ನೋಡಿದೆ. ಒಂದು ಸಲ ಓದಿ ತಿಳಿಯದಿದ್ದರೆ ಹೊಡೆದುಹಾಕುವುದು ನಾನೇ ಮಾಡಿಕೊಂಡ ಪದ್ಧತಿ, ಯಾರೂ ಹೇಳಿಕೊಟ್ಟದ್ದಲ್ಲ. ಏಳನೆಯದು ತಿಳಿಯಲಿಲ್ಲ. ಹೊಡೆದುಹಾಕಿದೆ. ಪಕ್ಕದವರಿಗೆ ತೋರಿಸಿ "ನೋಡ್ರೀ, ಹೇಗೆ ಬರೀತಾರೆ ಜನ" ಎಂದು ನಕ್ಕೆ ಕೂಡ.

ಡಿಸೆಂಬರಿನ ಪತ್ರದಲ್ಲಿ ನೀನು ಬರೆದಿದ್ದ ಆ ಸಾಲನ್ನು ಓದಿ ನಕ್ಕು, ಅಲ್ಲಿಗೇ ಮರೆತಿದ್ದೆ. ನೀನು ಕಳಿಸಿದ ನಕಲು ಅಂದಿನಿಂದ ನನ್ನ ಚೀಲದಲ್ಲೇ ಇತ್ತು. ಭಾನುವಾರ ಓದುತ್ತೇನೆ ಎಂದಿದ್ದೆ. ಓದಲೇ ಇಲ್ಲ. ಓದಿದ್ದರೆ ಆಗಲೇ ತಿದ್ದಿಸುತ್ತಿದ್ದೆ, ಇಲ್ಲವೇ ಜನವರಿಯಲ್ಲಿ ಗುರುತು ಹಿಡಿಯುತ್ತಿದ್ದೆ. ನಿನ್ನ ಫೆಬ್ರವರಿಯ ಪತ್ರ ಬಂದ ದಿನ ಅದನ್ನು ತೆಗೆದು ನೋಡಿದೆ. ಅವತ್ತೇ ಹೇಳಬೇಕಿತ್ತು. ಕೂತು ಬರೆಯಲು ಹೊರಟರೆ ಬಂದದ್ದು ಆ ಸುತ್ತೋಲೆ. ನೀನು ಕಲ್ಲುಬಂಡೆ ಎಂದು ಬರೆದದ್ದನ್ನು ದಿನಾ ಓದುತ್ತಿದ್ದೇನೆ.

ನಿಮಗೆ ಆ ಭಾಷೆ ಕಲಿಸಿದವನೂ ನಾನೇ, ಅರ್ಥವಾಗಲಿಲ್ಲ ಎಂದವನೂ ನಾನೇ. ಭಾವನ ವಿಷಯ ಬರೆಯಬೇಡಿ ಎಂದವನೂ ನಾನೇ.

ಮೊನ್ನೆ ನಮ್ಮ ಅಧಿಕಾರಿಗೆ ಒಂದು ಟಿಪ್ಪಣಿ ಬರೆದುಕೊಟ್ಟೆ: ಇದನ್ನು ತಪ್ಪಾಗಿ ಕೈಬಿಟ್ಟಿದ್ದೇನೆ, ಇದು ನನ್ನ ಅಕ್ಕನ ಬಡಾವಣೆ, ಅದನ್ನೂ ತಿಳಿಸುತ್ತಿದ್ದೇನೆ, ಮತ್ತೆ ಪರಿಶೀಲಿಸಿ ಎಂದು. ಅವರು ಓದಿ, "ಒಂದು ಕಂಬಿಗೆ ಇಷ್ಟೆಲ್ಲ ಯಾಕ್ರೀ, ಸೆಪ್ಟೆಂಬರ್‌ಗೆ ಹೊಸದಾಗಿ ಕಳಿಸೋಕೆ ಹೇಳಿ" ಎಂದರು. ಅಕ್ಕನ ಬಡಾವಣೆ ಎಂದದ್ದಕ್ಕೆ ನಿಮ್ಮ ಕಡೆಯ ಊರುಗಳನ್ನು ನನ್ನ ಮೇಜಿನಿಂದ ತೆಗೆದುಬಿಟ್ಟಿದ್ದಾರೆ. ಅದು ಸರಿಯೇ. ಮಾರ್ಚಿನೊಳಗೆ ಮಾತ್ರ ನನ್ನ ಕೈಯಲ್ಲಿ ಏನೂ ಆಗುವುದಿಲ್ಲ.

ಭಾವನಿಗೆ ಹೇಳುವ ಧೈರ್ಯ ನನಗಿಲ್ಲ. ನೀನೇ ಹೇಳು. ಬೈಯಬೇಕಾದದ್ದೆಲ್ಲ ಬೈದುಬಿಡು.

ನಿನ್ನ ತಮ್ಮ

---

ಏಪ್ರಿಲ್ 2

ತಮ್ಮಾ,

ನನಗೆ ಮೊದಲೇ ಗೊತ್ತಿತ್ತು.

ಫೆಬ್ರವರಿಯಲ್ಲಿ ಪಟ್ಟಿ ಕೈಗೆ ಬಂದ ಆ ಕ್ಷಣವೇ. ಒತ್ತಕ್ಷರಕ್ಕೆ ಉದ್ದ ಬಾಲ ಎಳೆಯುವ ನಿನ್ನ ಚಾಳಿ ಬಿಡಿಸಲು ನಾನು ಒಂದು ಬೇಸಿಗೆ ರಜೆ ಪೂರ್ತಿ ಹೆಣಗಿದ್ದೆ. ಅಮ್ಮ ಕೆಲಸಕ್ಕೆ ಹೋದ ಮೇಲೆ ನಿನ್ನನ್ನು ಕೂರಿಸಿಕೊಂಡು ತಿದ್ದಿಸಿದವಳಿಗೆ ಗುರುತು ಸಿಗದೆ ಇರುತ್ತದೆಯೇ? ಆ ಪತ್ರದಲ್ಲಿ ಬೈದದ್ದೆಲ್ಲ ನಿನಗೇ. ತಿಳಿದೇ ಬೈದೆ. ನೀನಾಗಿ ಹೇಳಲಿ ಎಂದು ಕಾದೆ. ಒಂದು ವಾರ ಎಂದುಕೊಂಡಿದ್ದೆ, ನೀನು ಒಂದೂವರೆ ತಿಂಗಳು ತೆಗೆದುಕೊಂಡೆ. ಗೆರೆ ಎಳೆದದ್ದಕ್ಕೆ ನನಗೆ ಅಷ್ಟು ಸಿಟ್ಟಿಲ್ಲ. ಆ ಹೆಡ್‌ಮಾಸ್ಟರರ ಕನ್ನಡ ಯಾರಿಗೆ ಅರ್ಥವಾಗುತ್ತದೆ? ಆದರೆ "ವಿಷಾದವಿದೆ" ಎಂದು ಬರೆದೆಯಲ್ಲ, ಅದಕ್ಕೆ ಸಿಟ್ಟಿದೆ, ಇನ್ನೂ ಇದೆ. ನಾನೂ ಸರಿಯಾಗಿ ನಡೆದುಕೊಳ್ಳಲಿಲ್ಲ ಎಂದು ಗೊತ್ತು. ನೇರವಾಗಿ ಕೇಳಬಹುದಿತ್ತು. ಗೊತ್ತಿದ್ದೂ ನಿನ್ನನ್ನು ಅಷ್ಟು ದಿನ ಬೇಯಿಸಿದೆ. ಅದಕ್ಕೆ ನಾಚಿಕೆಯಾಗುತ್ತಿದೆ.

ಭಾವನಿಗೆ ಹೇಳು ಎಂದು ಬರೆದಿದ್ದೀಯ. ಹೇಳಬೇಕಾಗಿಲ್ಲ, ಅವರಿಗೂ ಗೊತ್ತಿದೆ. ಅವತ್ತು ಪಟ್ಟಿಯನ್ನು ಇಸಿದುಕೊಂಡು ಅಷ್ಟು ಹೊತ್ತು ನೋಡಿದ್ದು ಅದಕ್ಕೇ. ನಿನ್ನ ಹೆಸರು ಎತ್ತಲಿಲ್ಲ, ಇವತ್ತಿನವರೆಗೂ ಎತ್ತಿಲ್ಲ.

ಈಗ ಮೂವತ್ತೊಂದನೇ ತಾರೀಕಿನದು ಕೇಳು.

ಬೆಳಗ್ಗೆ ಏಳಕ್ಕೆ ಎದ್ದು ನೋಡಿದರೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಅಂಗಡಿಯ ಬೀಗದಕೈ ಜೇಬಿಗೆ ಹಾಕಿಕೊಂಡು ನಿಂತಿದ್ದಾರೆ. "ಎಲ್ಲಿಗೆ?" ಎಂದೆ. "ಅಂಗಡಿಗೆ" ಎಂದರು. ದಾರಿಗೆ ಅಡ್ಡ ನಿಂತೆ. "ಕಂಬಿ ಹಿಡ್ಕೊಂಡು ಇಳೀಬಹುದು ಅಂದಿದಾರೆ ಡಾಕ್ಟ್ರು. ನಿಂತು ಇಳಿಯೋರಿಗೆ ತಾನೇ ಕಂಬಿ ಬೇಕು?" ಎಂದು ಹೇಳಿ, ಮೊದಲನೆಯ ಮೆಟ್ಟಿಲ ಮೇಲೆ ಕುಳಿತರು. ಎರಡೂ ಕೈ ಪಕ್ಕಕ್ಕೆ ಊರಿ, ಕಾಲು ಮುಂದಿಟ್ಟು, ಎರಡನೆಯದಕ್ಕೆ ಜಾರಿದರು. ಆಮೇಲೆ ಮೂರನೆಯದು.

ನೂರ ಹನ್ನೆರಡು ಮೆಟ್ಟಿಲು, ಅರವತ್ತಾರು ವರ್ಷದ ಮನುಷ್ಯ, ಕೂತುಕೊಂಡು ಇಳಿದರು. ಐವತ್ತು ನಿಮಿಷ ಹಿಡಿಯಿತು. ಅದು ಎಲ್ಲರೂ ಕೆಲಸಕ್ಕೆ ಹೋಗುವ ಹೊತ್ತು. ಜನ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಎಲ್ಲಿ ನೋಡಬೇಕೆಂದು ಯಾರಿಗೂ ತಿಳಿಯಲಿಲ್ಲ. ನಾನು ಅವರ ಕೋಲು ಹಿಡಿದುಕೊಂಡು ಹಿಂದೆ ಹಿಂದೆ ಇಳಿದೆ. ಒಂದೇ ಒಂದು ಸಲ ತಿರುಗಿ ನೋಡಿ, "ಅಳಬೇಡ್ವೇ, ಜನ ನೋಡ್ತಾರೆ" ಎಂದರು. ಅವರನ್ನು ನೋಡುತ್ತಾರೆ ಎಂಬ ಯೋಚನೆಯೇ ಅವರಿಗಿರಲಿಲ್ಲ.

ಕೆಳಗೆ ಕಮಾನಿಗೆ ತೋಡಿದ ಗುಂಡಿಯ ಪಕ್ಕ ಹೆಡ್‌ಮಾಸ್ಟರರು ನಿಂತಿದ್ದರು. ಕೈ ಚಾಚಿದರು. ಭಾವ ಹಿಡಿದುಕೊಂಡು ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡು, ನಡೆದುಕೊಂಡು ಹೋಗಿ ಅಂಗಡಿಯ ಬಾಗಿಲು ಎತ್ತಿದರು. ಮಾಲೀಕರು ಬಂದು ನೋಡಿದರು. ಕೈಯಲ್ಲಿದ್ದ ಅಳತೆಯ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡು ಹೋದರು. ಸಂಜೆಯವರೆಗೆ ಮೂರು ಗಡಿಯಾರ ರಿಪೇರಿಗೆ ಬಂದವು. ಸಂಜೆ ಅದೇ ರೀತಿ, ಹಿಂದುಮುಂದಾಗಿ ಕೂತು, ಕೈಯ ಬಲದಿಂದ ಮೇಲಕ್ಕೆ ಬಂದರು. ಬರುವುದಕ್ಕೆ ಒಂದೂಕಾಲು ಗಂಟೆ. ಪ್ಯಾಂಟು ಎರಡು ಕಡೆ ಹರಿದಿತ್ತು. ಒಳಗಿನಿಂದ ಕ್ಯಾನ್ವಾಸಿನ ತೇಪೆ ಹಾಕಿದೆ, ಉಳಿದ ಎರಡು ಪ್ಯಾಂಟಿಗೂ ಹಾಕಿಟ್ಟಿದ್ದೇನೆ. ನಿನ್ನೆಯೂ ಹೋದರು.

ನಿನ್ನೆ ಸಂಜೆ ಯಾರೂ ಕರೆಯದೆ ವೇದಿಕೆಯವರೆಲ್ಲ ಮೆಟ್ಟಿಲ ಮೇಲೆಯೇ ಸೇರಿದರು. ಐದು ನಿಮಿಷದ ಸಭೆ. ಯಾರೂ ಪೆನ್ನು ಕೆಳಗಿಡಲಿಲ್ಲ. ಸೆಪ್ಟೆಂಬರಿಗೆ ಒಂದೇ ಬೇಡಿಕೆ ಎಂದು ತೀರ್ಮಾನವಾಯಿತು. ಹೆಡ್‌ಮಾಸ್ಟರರು ನನಗೆ "ನೀವೇ ಬರೀರಮ್ಮ, ನಾನು ತಿದ್ದೋದಿಲ್ಲ" ಎಂದರು. ಬರೆದದ್ದನ್ನು ನಿನಗೆ ಇಲ್ಲಿ ನಕಲು ಮಾಡುತ್ತೇನೆ, ಈ ಸಲ ಭಾನುವಾರದವರೆಗೆ ಕಾಯಬೇಡ:

"ನಮ್ಮ ನೂರ ಹನ್ನೆರಡು ಮೆಟ್ಟಿಲಿಗೆ ಕಂಬಿ ಹಾಕಿಸಿ. ಇಲ್ಲಿ ಒಬ್ಬರು ದಿನಾ ಕೂತುಕೊಂಡು ಇಳಿದು ಕೆಲಸಕ್ಕೆ ಹೋಗುತ್ತಿದ್ದಾರೆ."

ನಿಮ್ಮ ಆಫೀಸಿನವರಿಗೆ ಇದರಲ್ಲಿ ಯಾವ ಮಾತು ಅರ್ಥವಾಗುವುದಿಲ್ಲ ಹೇಳು, ಬದಲಾಯಿಸುತ್ತೇನೆ. ಈಗ ಏಳೂವರೆ. ಅವರು ಹೊರಗೆ ಹೋಗಿ ಮೊದಲನೆಯ ಮೆಟ್ಟಿಲ ಮೇಲೆ ಕುಳಿತಾಗಿದೆ. ಕೋಲು ನನ್ನ ಹತ್ತಿರ ಇದೆ, ನಾನು ಹೋಗಬೇಕು.

ಅಕ್ಕ